ನಡುಗುವ ಕೈ ಮತ್ತು ತಾಳೆ ನೋಡುವ ಲೆಕ್ಕ

ನಮ್ಮ ಸೋದರಮಾವನವರು ಶಿರಾ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದ ಎರಡನೆಯ ವರ್ಷದಲ್ಲಿ, ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತಾಗಲೆಲ್ಲ ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಮೆಲ್ಲನೆ ಹೊರಳುತ್ತಿದ್ದುದನ್ನು ಕಂಡು, ಜೀವಮಾನವೆಲ್ಲ ದೇವರ ಗೊಡವೆಗೆ ಹೆಚ್ಚಾಗಿ ಹೋಗದಿದ್ದ ಅವರು ಇಳಿವಯಸ್ಸಿನಲ್ಲಿ ಜಪಕ್ಕೆ ತೊಡಗಿದ್ದಾರೆಂದು ಮನೆಯವರೆಲ್ಲ ಸಂತೋಷಪಟ್ಟೆವು. ಅತ್ತೆಯವರು ಸಿದ್ಧರಬೆಟ್ಟಕ್ಕೆ ಹೋಗಿದ್ದಾಗ ಒಂದು ರುದ್ರಾಕ್ಷಿಯ ಸರವನ್ನು ಕೊಂಡು ತಂದು ಅವರ ಕೈಯಲ್ಲಿಟ್ಟರು. ಸರವನ್ನು ಹಿಡಿದೊಡನೆ ಬೆರಳುಗಳು ನಿಂತುವು. ಸರವನ್ನು ಕೆಳಗಿಟ್ಟು ಕೈಯನ್ನು ತೊಡೆಯ ಮೇಲೆ ಸಡಿಲಬಿಟ್ಟೊಡನೆ ಮತ್ತೆ ಹೊರಳತೊಡಗಿದುವು. “ಇದು ಜಪವಲ್ಲ ಕಣೆ, ಬೆರಳು ನನ್ನ ಮಾತು ಕೇಳುತ್ತಾ ಇಲ್ಲ” ಎಂದು ಮಾವನವರು ಮೆಲುದನಿಯಲ್ಲಿ ಹೇಳಿದ ಆ ಮಾತು, ವೈದ್ಯರು ಮುಂದೆ ಕೊಟ್ಟ ಹೆಸರಿಗಿಂತ ಮೊದಲೇ ರೋಗದ ಸ್ವರೂಪವನ್ನು ನಮಗೆ ತಿಳಿಸಿತ್ತು.

ತುಮಕೂರಿನ ನರತಜ್ಞರೊಬ್ಬರು ಅವರನ್ನು ಪರೀಕ್ಷಿಸಿದ ಬಗೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎರಡು ಕೈಗಳನ್ನೂ ತೊಡೆಯ ಮೇಲೆ ಇರಿಸಿ, ಕಣ್ಣು ಮುಚ್ಚಿ, ನೂರರಿಂದ ಏಳೇಳನ್ನು ಕಳೆಯುತ್ತ ಬರುವಂತೆ ಅವರು ಹೇಳಿದರು. ಲೆಕ್ಕದ ಮೇಷ್ಟರಿಗೆ ಇದು ಯಾವ ದೊಡ್ಡ ಕೆಲಸ? ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮಾವನವರು ಸರಾಗವಾಗಿ ಇಳಿದು ಬರುತ್ತಿದ್ದಂತೆ, ಬಲಗೈ ಮಾತ್ರ ಒಡೆಯನ ಅರಿವಿಗೆ ಬಾರದೆ ಮೊದಲಿಗಿಂತ ಹೆಚ್ಚಾಗಿ ಅದುರತೊಡಗಿತು. ಮನಸ್ಸು ಬೇರೊಂದು ಶ್ರಮದಲ್ಲಿ ತೊಡಗಿದಾಗ ಈ ಕಂಪನವು ಹೆಚ್ಚುತ್ತದೆ, ನಿದ್ರೆಯಲ್ಲಿ ಅಡಗುತ್ತದೆ, ಕೈ ಕೆಲಸಕ್ಕೆ ಹೊರಟೊಡನೆ ಸಾಮಾನ್ಯವಾಗಿ ತಗ್ಗುತ್ತದೆ ಎಂದು ವೈದ್ಯರು ವಿವರಿಸಿದರು. ಆಮೇಲೆ ಒಂದು ಹಾಳೆಯ ಮೇಲೆ ನಡುವಿನಿಂದ ಹೊರಕ್ಕೆ ಸುತ್ತಿಸುತ್ತಿ ಬರುವ ಸುರುಳಿಯೊಂದನ್ನು ಬರೆಸಿದರು. ಒಂದು ವಾಕ್ಯವನ್ನೂ ಬರೆಸಿದರು. ಕರಿಹಲಗೆಯ ಮೇಲೆ ಹಿಂದಿನ ಸಾಲಿನ ಹುಡುಗನಿಗೂ ಕಾಣುವಂತೆ ದುಂಡಾಗಿ ಬರೆಯುತ್ತಿದ್ದ ಕೈ, ಆ ವಾಕ್ಯದ ಮೊದಲ ಪದವನ್ನು ಮಾತ್ರ ತಕ್ಕಷ್ಟು ದೊಡ್ಡದಾಗಿ ಬರೆದು, ಕೊನೆಯ ಪದಕ್ಕೆ ಬರುವ ವೇಳೆಗೆ ಸಾಸಿವೆಯ ಕಾಳಿನಷ್ಟು ಕುಗ್ಗಿದ ಅಕ್ಷರಗಳನ್ನು ಮೂಡಿಸಿತ್ತು. ಪಾರ್ಕಿನ್‌ಸನ್ ರೋಗವೆಂದು ಅಂದು ನಿಶ್ಚಯವಾಯಿತು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಆರು ಮಂದಿ ರೋಗಿಗಳ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು ಈ ನಡುಗುವಾತವನ್ನು ಕುರಿತು ಒಂದು ಪುಸ್ತಿಕೆಯನ್ನು ಬರೆದನು. ನಮ್ಮ ಆಯುರ್ವೇದದವರು ಕಂಪವಾತವೆಂದು ಕರೆಯುವ ವ್ಯಾಧಿಯ ಲಕ್ಷಣಗಳೂ ಇದಕ್ಕೆ ಹತ್ತಿರವಾದುವು. ಮಿದುಳಿನ ಬುಡದ ಬಳಿ ಕಪ್ಪುಬಣ್ಣದ ಒಂದು ಸಣ್ಣ ಪ್ರದೇಶವುಂಟು. ಅಲ್ಲಿಯ ಕಣಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸಿ, ಚಲನೆಯನ್ನು ಹದಗೊಳಿಸುವ ಕೇಂದ್ರಗಳಿಗೆ ಕಳುಹಿಸುತ್ತವೆ. ಈ ಕಣಗಳು ಕಾಲಕ್ರಮೇಣ ನಶಿಸಿದಾಗ ಚಲನೆ ಮಂದವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡಿಗೆಯ ಹೆಜ್ಜೆ ಕಿರಿದಾಗುತ್ತದೆ, ಮುಖದ ಭಾವ ಮಾಸುತ್ತದೆ. ಸುಮಾರು ನಾಲ್ವರಲ್ಲಿ ಮೂವರಿಗೆ ಸೆಕೆಂಡಿಗೆ ನಾಲ್ಕರಿಂದ ಆರು ಸಲದಂತೆ ಕೈ ಕಂಪಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಉದಯ ಮುತಾಣೆ, ಯಶಾ, ಶಂಕರ್ ಎಂಬ ವೈದ್ಯರು ಭಾರತೀಯರ ಮಿದುಳಿನ ಈ ಕಪ್ಪುಕಣಗಳನ್ನು ಎಣಿಸಿ, ಅವು ಆಂಗ್ಲರ ಮಿದುಳಿನಲ್ಲಿರುವುದಕ್ಕಿಂತ ಸಂಖ್ಯೆಯಲ್ಲಿ ಕಡಿಮೆಯೆಂದೂ, ಆದರೆ ವಯಸ್ಸಿನೊಡನೆ ನಶಿಸುತ್ತ ಹೋಗುವುದು ಕಂಡುಬರಲಿಲ್ಲವೆಂದೂ 1998ರಲ್ಲಿ ಪ್ರಕಟಿಸಿದರು. ಎಲ್ಲೋ ದೂರದಲ್ಲಿ ಕಂಡುಕೊಂಡ ಲೆಕ್ಕವು ನಮ್ಮ ದೇಹಕ್ಕೂ ಹಾಗೆಯೇ ಅನ್ವಯಿಸುವುದೆಂದು ಎಣಿಸತಕ್ಕದ್ದಲ್ಲ, ನಮ್ಮಲ್ಲಿಯೂ ಎಣಿಸಿ ನೋಡತಕ್ಕದ್ದು ಎಂಬ ಪಾಠವನ್ನು ನಾನು ಈ ಪ್ರಕಟಣೆಯಿಂದ ಕಲಿತೆ.

ಔಷಧದ ಕಥೆಯಲ್ಲಿಯೂ ನಮ್ಮ ನೆಲದ ಪಾಲು ಒಂದಿಷ್ಟು ಉಂಟು. ಬೇಲಿಯ ಮೇಲೆ ಹಬ್ಬಿ, ಮುಟ್ಟಿದವರ ಮೈಯನ್ನೆಲ್ಲ ತುರಿಸುವಂತೆ ಮಾಡುವ ನಸುಗುನ್ನಿಯನ್ನು ನಮ್ಮ ಸೀಮೆಯ ಹಳ್ಳಿಗರು ಬಲ್ಲರು. ಸಂಸ್ಕೃತದಲ್ಲಿ ಇದಕ್ಕೆ ಕಪಿಕಚ್ಛುವೆಂದು ಹೆಸರು. ಇದರ ಬೀಜದಲ್ಲಿ ಲೆವೊಡೋಪವೆಂಬ ವಸ್ತುವಿರುವುದನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಆಗ ಅದರ ಪ್ರಯೋಜನವು ಯಾರಿಗೂ ತಿಳಿದಿರಲಿಲ್ಲ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಡೋಪಮಿನ್ನಿನ ಮಹತ್ವವನ್ನು ಕಂಡುಹಿಡಿದು, 1960ರಲ್ಲಿ ವಿಯೆನ್ನಾದ ಹೊರ್ನಿಕಿಯೆವಿಚ್ ಪಾರ್ಕಿನ್‌ಸನ್ ರೋಗಿಗಳ ಮಿದುಳಿನಲ್ಲಿ ಅದು ಬತ್ತಿಹೋಗಿರುವುದನ್ನು ತೋರಿಸಿ, 1960ರ ದಶಕದ ಕೊನೆಯಲ್ಲಿ ಅಮೆರಿಕದ ಕೋಟ್ಜಿಯಾಸ್, ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪವನ್ನು ಕ್ರಮವಾಗಿ ಹೆಚ್ಚಿಸುತ್ತ ಬಾಯಿಯ ಮೂಲಕ ಕೊಟ್ಟು ಗುಣವನ್ನು ಸಾಧಿಸಿದ ಮೇಲೆಯೇ ಈ ರೋಗಿಗಳ ಬಾಳಿನಲ್ಲಿ ಬೆಳಕು ಮೂಡಿತು. ಇಂದಿಗೂ ಲೆವೊಡೋಪಕ್ಕಿಂತ ಮಿಗಿಲಾದ ಮದ್ದು ಈ ರೋಗಕ್ಕಿಲ್ಲ. ಹಾಗೆಂದು ಬೇಲಿಯ ನಸುಗುನ್ನಿಯನ್ನು ಕುಟ್ಟಿ ತಿನ್ನುವುದು ವಿವೇಕವಲ್ಲ. ಬೀಜದಿಂದ ಬೀಜಕ್ಕೆ ಅದರ ಪ್ರಮಾಣವು ಬದಲಾಗುತ್ತದೆ, ಮಾತ್ರೆಯೊಡನೆ ಕೂಡಿದರೆ ಮಿತಿಮೀರುತ್ತದೆ.

ಆದರೆ ಲೆವೊಡೋಪವು ಮಂದಗತಿಯನ್ನೂ ಬಿಗಿತವನ್ನೂ ಸಡಿಲಿಸುವಷ್ಟು ನಿಶ್ಚಯವಾಗಿ ಕಂಪನವನ್ನು ತಗ್ಗಿಸುವುದಿಲ್ಲ. ಕೆಲವರಲ್ಲಿ ಪೂರ್ಣವಾಗಿ ಅಡಗುತ್ತದೆ, ಕೆಲವರಲ್ಲಿ ಅರೆಬರೆ, ಕೆಲವರಲ್ಲಿ ಏನೂ ಇಲ್ಲ. ವರ್ಷಗಳು ಕಳೆದಂತೆ ಒಂದು ಮಾತ್ರೆಯ ಗುಣವು ಮುಂದಿನ ಮಾತ್ರೆಯ ಹೊತ್ತು ಬರುವ ಮೊದಲೇ ತೀರಿಹೋಗುವುದೂ ಉಂಟು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಾಬಿದ್ ಎಂಬ ಶಸ್ತ್ರವೈದ್ಯರು ಆರಂಭಿಸಿದ, ಮಿದುಳಿನ ಆಳಕ್ಕೆ ತಂತಿಯನ್ನಿಳಿಸಿ ವಿದ್ಯುತ್ತಿನಿಂದ ಪ್ರಚೋದಿಸುವ ಚಿಕಿತ್ಸೆಯು ಕಂಪನವನ್ನು ಬಹುಮಟ್ಟಿಗೆ ತಡೆಯಬಲ್ಲದಾದರೂ ಅದು ಎಲ್ಲರಿಗೂ ತಕ್ಕುದಲ್ಲ, ಎಲ್ಲರ ಕೈಗೂ ಎಟುಕುವುದಲ್ಲ. ಮಾತ್ರೆಗೂ ಶಸ್ತ್ರಕ್ಕೂ ನಡುವಿನ ಈ ತೆರಪಿನಲ್ಲಿ, ಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಕೈಗವಸಿನಂತೆ ತೊಟ್ಟುಕೊಳ್ಳುವ ಹೊಸಹೊಸ ಸಾಧನಗಳು ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಹುಟ್ಟಿಕೊಳ್ಳುತ್ತಿವೆ.

ಇವುಗಳಲ್ಲಿ ಮೂರು ಬಗೆಯನ್ನು ಗುರುತಿಸಬಹುದು. ಮೊದಲನೆಯದು ಯಂತ್ರಬಲದಿಂದ ಕೈಯನ್ನು ಹಿಡಿದು ನಿಲ್ಲಿಸುವಂಥದು. ಸುತ್ತುತ್ತಿರುವ ಬುಗುರಿಯನ್ನು ಬೆರಳಿನಿಂದ ತಳ್ಳಿದರೂ ಅದು ವಾಲದೆ ನೆಟ್ಟಗೆ ನಿಲ್ಲಲು ಹವಣಿಸುವುದನ್ನು ನೋಡದ ಮಗುವಿಲ್ಲ. ಅದೇ ತತ್ತ್ವದಿಂದ, ಅತಿವೇಗವಾಗಿ ತಿರುಗುವ ಸಣ್ಣ ಚಕ್ರವೊಂದನ್ನು ಕೈಗವಸಿನ ಹಿಂಬದಿಯಲ್ಲಿ ಕೂರಿಸುವ ಯತ್ನವನ್ನು ಲಂಡನ್ನಿನ ವೈದ್ಯವಿದ್ಯಾರ್ಥಿಯೊಬ್ಬನು ಕೈಗೊಂಡನು. ಗೈರೊಗ್ಲವ್ ಎಂಬುದು ಅದರ ಹೆಸರು. ಎರಡನೆಯದು ಮಣಿಕಟ್ಟಿನ ಚರ್ಮದ ಮೇಲಿಂದ ನರಗಳಿಗೆ ಮೃದುವಾದ ವಿದ್ಯುತ್ ಸ್ಪಂದನವನ್ನು ಕೊಟ್ಟು, ಆ ನರಗಳು ಮಿದುಳಿಗೆ ಒಯ್ಯುವ ಸಂದೇಶದಿಂದ ಕಂಪನದ ಲಯವನ್ನು ಕೆಡಿಸಲು ಯತ್ನಿಸುವಂಥದು. ಅಮೆರಿಕದ ಕಾಲಾ ಸಂಸ್ಥೆಯ ಕೈಪಟ್ಟಿ ಈ ಬಗೆಯದು. ಮೂರನೆಯದು ಕೇವಲ ಮಿಡಿತದಿಂದ, ಎಂದರೆ ಮೊಬೈಲು ಅದುರುವಂಥ ಸೌಮ್ಯವಾದ ಕಂಪದಿಂದ, ನರಮಂಡಲದ ಗಮನವನ್ನು ಬೇರೆಡೆಗೆ ಸೆಳೆಯಲೋ ಅದರ ತಪ್ಪು ಲಯವನ್ನು ಕೆಡಿಸಲೋ ಯತ್ನಿಸುವಂಥದು. 2016ರಲ್ಲಿ ಮೈಕ್ರೋಸಾಫ್ಟಿನ ಹೈಯಾನ್ ಜಾಂಗ್ ಅವರು ಎಮ್ಮಾ ಲಾಟನ್ ಎಂಬ ಚಿತ್ರವಿನ್ಯಾಸಕಿಗಾಗಿ ನಿರ್ಮಿಸಿದ ಕೈಗಡಿಯಾರವೂ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಟಾಸ್ ಅವರು ಪರೀಕ್ಷಿಸುತ್ತಿರುವ, ಬೆರಳತುದಿಗಳನ್ನು ಒಂದು ಕ್ರಮದಲ್ಲಿ ಮಿಡಿಸುವ ಕೈಗವಸೂ ಈ ವರ್ಗಕ್ಕೆ ಸೇರಿದುವು. ಎಮ್ಮಾ ಲಾಟನ್ ಅವರು ಗಡಿಯಾರವನ್ನು ಕಟ್ಟಿಕೊಂಡು ತಮ್ಮ ಹೆಸರನ್ನು ಬರೆದು ಕಣ್ಣೀರಿಟ್ಟ ದೃಶ್ಯವನ್ನು ಲೋಕವೆಲ್ಲ ನೋಡಿತು.

ಅಂಥದೇ ಒಂದು ದೃಶ್ಯವನ್ನು ತನ್ನ ಫೋನಿನಲ್ಲಿ ನೋಡಿದ ಮಾವನವರ ಮಗ, ತಂದೆಯ ಮೇಲಿನ ಅಕ್ಕರೆಯಿಂದ, ಬೆಲೆಯನ್ನೂ ಲೆಕ್ಕಿಸದೆ, ಮಿಡಿಯುವ ಕೈಪಟ್ಟಿಯೊಂದನ್ನು ಹೊರದೇಶದಿಂದ ತರಿಸಿದನು. ಮಾರಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಕಟ್ಟಿಕೊಂಡ ಮೊದಲ ದಿನವೇ ಮಾವನವರ ಕೈ ನಿಂತಿತು. ಮನೆಯಲ್ಲಿ ಹಬ್ಬದ ಕಳೆ ಬಂದಿತು. ಅತ್ತೆಯವರು ಲೋಟದ ತುಂಬ ಕಾಫಿ ಕೊಟ್ಟರು, ಒಂದು ಹನಿಯೂ ಚೆಲ್ಲಲಿಲ್ಲ. ಒಂದು ವಾರ ಹೀಗೆ ನಡೆಯಿತು. ಎರಡನೆಯ ವಾರ ಬೆರಳು ಆಗೊಮ್ಮೆ ಈಗೊಮ್ಮೆ ಹೊರಳಿತು. ಮೂರನೆಯ ವಾರ ಮುಗಿಯುವುದರೊಳಗಾಗಿ ಕೈ ಮೊದಲಿನಂತೆಯೇ ಆಗಿ, ಲೋಟವು ಪುನಃ ಅರ್ಧಕ್ಕೆ ಇಳಿಯಿತು. ಮಗನಿಗೆ ಮೋಸಹೋದೆನೆಂಬ ಸಂಕಟ. ಅತ್ತೆಯವರಿಗೆ ಯಾರದೋ ಕಣ್ಣು ತಗುಲಿತೆಂಬ ಸಂಶಯ. ಮಾವನವರು ಮಾತ್ರ ಬಹಳ ದಿನ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: “ಆ ಮೊದಲ ವಾರ ನಿಜವಾಗಿ ನಿಂತಿತ್ತಲ್ಲ, ಅದು ಹೇಗೆ?”

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ನೂರಕ್ಕೂ ಮಿಕ್ಕ ವರ್ಷಗಳ ಹಿಂದಿನ ಪ್ಯಾರಿಸಿಗೆ ಹೋಗಬೇಕಾಗುತ್ತದೆ. ಈ ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನು ಕೊಟ್ಟ ಮಹಾವೈದ್ಯ ಶಾರ್ಕೊ, ತನ್ನ ರೋಗಿಗಳು ಕುದುರೆಗಾಡಿಯಲ್ಲಿಯೋ ರೈಲಿನಲ್ಲಿಯೋ ದೂರದ ಪ್ರಯಾಣ ಮಾಡಿ ಬಂದಾಗ ಹಾಯೆನಿಸುತ್ತದೆಂದು ಹೇಳುವುದನ್ನು ಗಮನಿಸಿ, ಗಾಡಿಯ ಕುಲುಕಾಟವನ್ನೇ ಚಿಕಿತ್ಸೆಯಾಗಿ ಮಾಡುವ ಉದ್ದೇಶದಿಂದ ಅದುರುವ ಕುರ್ಚಿಯೊಂದನ್ನು ಮಾಡಿಸಿ, ಅದರ ಗುಣಗಳನ್ನು 1892ರಲ್ಲಿ ತನ್ನ ಉಪನ್ಯಾಸದಲ್ಲಿ ವರ್ಣಿಸಿದನು. ಮರುವರ್ಷವೇ ಅವನು ತೀರಿಕೊಂಡುದರಿಂದ ಆ ಪ್ರಯೋಗವು ಅಲ್ಲಿಗೇ ನಿಂತಿತು. ಇಂದಿನ ಮಿಡಿಯುವ ಪಟ್ಟಿಗಳೆಲ್ಲ ಒಂದು ಅರ್ಥದಲ್ಲಿ ಆ ಕುರ್ಚಿಯ ಮೊಮ್ಮಕ್ಕಳೆಂದೇ ಹೇಳಬೇಕು. 2012ರಲ್ಲಿ ಅಮೆರಿಕದ ಗೆಟ್ಸ್ ಮತ್ತು ಅವರ ಸಹೋದ್ಯೋಗಿಗಳು ಶಾರ್ಕೊವಿನ ಲೆಕ್ಕವನ್ನು ತಾಳೆ ನೋಡಲು ಹೊರಟು, ಕೆಲವು ರೋಗಿಗಳನ್ನು ಮಿಡಿಯುವ ಕುರ್ಚಿಯಲ್ಲಿಯೂ, ಉಳಿದವರನ್ನು ಅಂಥದೇ ಕುರ್ಚಿಯಲ್ಲಿ ಮಿಡಿತವಿಲ್ಲದೆಯೂ ಒಂದು ತಿಂಗಳ ಕಾಲ ಪ್ರತಿದಿನವೂ ಕೂರಿಸಿದರು. ಮಿಡಿತವನ್ನು ಪಡೆದವರ ಚಲನೆ ಸುಧಾರಿಸಿತು. ಪಡೆಯದೆ ಸುಮ್ಮನೆ ಕುಳಿತವರ ಚಲನೆಯೂ ಅಷ್ಟೇ ಸುಧಾರಿಸಿತು.

ಹಾಗಾದರೆ ಸುಮ್ಮನೆ ಕುಳಿತವರಿಗೆ ಆದ ಗುಣವು ಬರಿಯ ಭ್ರಮೆಯೆ? ಈ ರೋಗದ ಮಟ್ಟಿಗೆ ಹಾಗೆ ಹೇಳಲು ಬರುವುದಿಲ್ಲ. 2001ರಲ್ಲಿ ಕೆನಡಾದ ವ್ಯಾಂಕೂವರಿನ ವಿಜ್ಞಾನಿಗಳು ಪಾರ್ಕಿನ್‌ಸನ್ ರೋಗಿಗಳಿಗೆ ಔಷಧವೋ ಅಲ್ಲವೋ ಎಂದು ತಿಳಿಯದಂತೆ ಔಷಧವಲ್ಲದುದನ್ನು ಕೊಟ್ಟು, ಅವರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಗುಣವಾಗುವುದೆಂಬ ನಿರೀಕ್ಷೆಯೊಂದರಿಂದಲೇ ಅಲ್ಲಿ ಡೋಪಮಿನ್ ಒಸರಿದುದನ್ನು ಕಂಡರು. ಯಾವ ದ್ರವ್ಯದ ಅಭಾವದಿಂದ ಕೈ ನಡುಗುವುದೋ ಆ ದ್ರವ್ಯವನ್ನೇ ಆಸೆಯು ಸ್ವಲ್ಪ ಹೊತ್ತು ಹರಿಸಬಲ್ಲುದು. ಮೊದಲ ವಾರದಲ್ಲಿ ಮಾವನವರ ಕೈಯನ್ನು ನಿಲ್ಲಿಸಿದುದು ಪಟ್ಟಿಯ ಮಿಡಿತವೋ, ಮಗನ ಅಕ್ಕರೆಯೋ, ಅತ್ತೆಯವರು ತುಂಬಿಕೊಟ್ಟ ಲೋಟದ ಮೇಲಿನ ವಿಶ್ವಾಸವೋ ಎಂಬುದನ್ನು ಈಗ ಯಾರು ತಾನೆ ಬಿಡಿಸಿ ಹೇಳಬಲ್ಲರು? ಅಲ್ಲಿ ಸುಳ್ಳೇನೂ ಇರಲಿಲ್ಲ. ಬಾಳಿಕೆ ಇರಲಿಲ್ಲ, ಅಷ್ಟೆ. ಆಸೆಯೇ ಮದ್ದಾಗಬಲ್ಲ ಈ ರೋಗದಲ್ಲಿ, ಆಸೆಯ ಪಾಲನ್ನು ಬೇರೆ ತೆಗೆದಿರಿಸಿ ಸಾಧನದ ಪಾಲೆಷ್ಟೆಂದು ತೋರಿಸದ ಯಾವ ಪ್ರಶಂಸೆಯನ್ನೂ ನಂಬುವುದು ಸಾಧ್ಯವಿಲ್ಲ. ಈ ಬರಹದಲ್ಲಿ ನಾನು ಹೇಳಹೊರಟ ಮಾತು ಇದೊಂದೇ.

ಆಸೆಯ ಪಾಲನ್ನು ಬೇರ್ಪಡಿಸುವ ಕ್ರಮವೊಂದುಂಟು. ಕಠಿನವಾದುದಾದರೂ ಅರ್ಥಕ್ಕೆ ಸುಲಭವಾದುದು. ಹೊರಗಿನಿಂದ ನೋಡಿದರೆ ಒಂದೇ ತೆರನಾದ ಎರಡು ಪಟ್ಟಿಗಳನ್ನು ಮಾಡಬೇಕು. ಒಂದು ನಿಜವಾಗಿ ಕೆಲಸ ಮಾಡುವಂಥದು, ಇನ್ನೊಂದು ಹುಸಿಯದು. ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿದಂತೆ ದೈವಕ್ಕೆ ಬಿಡಬೇಕು. ತೊಟ್ಟವರಿಗೂ ಗುಟ್ಟು ತಿಳಿಯಬಾರದು, ಅಳೆಯುವವರಿಗೂ ತಿಳಿಯಬಾರದು. ಚರ್ಮಕ್ಕೆ ತಾಗುವ ಮಿಡಿತವು ಇದೆಯೋ ಇಲ್ಲವೋ ಎಂಬುದು ತೊಟ್ಟವನಿಗೆ ಗೊತ್ತಾಗಿಬಿಡುವುದರಿಂದ, ಮಾತ್ರೆಗಳಲ್ಲಿ ಸುಲಭವಾದ ಈ ಗುಟ್ಟು ಕೈಪಟ್ಟಿಗಳಲ್ಲಿ ಬಹು ಕಷ್ಟ. ಆದುದರಿಂದಲೇ ಬುದ್ಧಿವಂತರಾದ ಪರೀಕ್ಷಕರು ಹುಸಿ ಪಟ್ಟಿಯೂ ಮಿಡಿಯುವಂತೆ, ಆದರೆ ತಪ್ಪಾದ ಲಯದಲ್ಲಿಯೋ ಅತಿ ಸೌಮ್ಯವಾಗಿಯೋ ಮಿಡಿಯುವಂತೆ ಮಾಡುವುದುಂಟು. ಮಾತ್ರೆ ನುಂಗಿ ಎಷ್ಟು ಹೊತ್ತಾಯಿತೆಂಬುದನ್ನು ಪ್ರತಿಸಲವೂ ಬರೆದಿಡಬೇಕು. ಇಲ್ಲವಾದರೆ ಮಾತ್ರೆಯ ಗುಣವು ಪಟ್ಟಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಕಂಪನವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಒಂದು ಮಾಪನಕ್ರಮವು ಲೋಕದಲ್ಲೆಲ್ಲ ರೂಢಿಯಲ್ಲಿದೆ: ವಿರಾಮದಲ್ಲಿರುವ ಕೈ 1 ಸೆಂಟಿಮೀಟರನ್ನು ಮೀರದಂತೆ ಅದುರಿದರೆ ಒಂದು, 3 ಸೆಂಟಿಮೀಟರಿನೊಳಗಾದರೆ ಎರಡು, 10ರವರೆಗಾದರೆ ಮೂರು, ಅದಕ್ಕೂ ಮಿಗಿಲಾದರೆ ನಾಲ್ಕು. ಇದರೊಡನೆ, ಮಣಿಕಟ್ಟಿಗೆ ಕಟ್ಟಿದ ಸಣ್ಣ ಮಾಪಕವು ಹಗಲಿರುಳಿನ ಪ್ರತಿಯೊಂದು ಅದುರನ್ನೂ ದಾಖಲಿಸಿಡಬಲ್ಲುದು.

ಇಂಥ ತಾಳೆ ನೋಡುವಿಕೆಯಿಂದ ಏನು ಪ್ರಯೋಜನವೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ವಿದ್ಯುತ್ ಸ್ಪಂದನದ ಕೈಪಟ್ಟಿಯನ್ನು, ಪಾರ್ಕಿನ್‌ಸನ್ನಿಗೆ ಸೇರದ, ಕೈ ಕೆಲಸದಲ್ಲಿರುವಾಗಲೇ ಹೆಚ್ಚಾಗಿ ನಡುಗುವ ಬೇರೊಂದು ಬಗೆಯ ಕಂಪನವುಳ್ಳ 77 ಮಂದಿಯ ಮೇಲೆ, ಹುಸಿ ಪಟ್ಟಿಯೊಡನೆ ಹೋಲಿಸಿ ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ಮುಖ್ಯ ಅಳತೆಯೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಸುರುಳಿ ಬರೆಯುವ ಪರೀಕ್ಷೆಯಲ್ಲಿ ನಿಜ ಪಟ್ಟಿಗೂ ಹುಸಿ ಪಟ್ಟಿಗೂ ಗಣನೀಯವಾದ ಅಂತರ ಕಾಣಲಿಲ್ಲ. ತೋಳಿನ ಕಂಪನದ ಬೇರೊಂದು ಅಳತೆಯಲ್ಲಿ ನಿಜ ಪಟ್ಟಿಯೇ ಮೇಲಾಗಿ ಕಂಡಿತು. ಒಂದೇ ಪರೀಕ್ಷೆ, ಒಂದೇ ಪಟ್ಟಿ. ಯಾವ ಕೆಲಸವನ್ನು ಅಳೆದಿರಿ ಎಂಬುದರ ಮೇಲೆ ಉತ್ತರವೇ ಬದಲಾಯಿತು. ಮುಂದೆ ಇದೇ ಜಾತಿಯ ಪಟ್ಟಿಯನ್ನು ಪಾರ್ಕಿನ್‌ಸನ್ ರೋಗಿಗಳ ಕೆಲಸದ ಹೊತ್ತಿನ ಕೈನಡುಕಕ್ಕೂ ಬಳಸಬಹುದೆಂದು 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಮಾವನವರ ಕೈ ನಡುಗುವುದು ಬಹುಮಟ್ಟಿಗೆ ವಿರಾಮದಲ್ಲಿ. ಕೆಲಸದ ಹೊತ್ತಿನಲ್ಲಿ ಅವರನ್ನು ಕಾಡುವುದು ನಡುಕಕ್ಕಿಂತ ಮಿಗಿಲಾಗಿ ಚಲನೆಯ ಮಂದತೆ. ಅಂಥ ಕೈಯ ಮೇಲೆ ತೂಕವಾದ ಕೈಗವಸನ್ನು ಹೇರಿದರೆ ಹೊರೆಯಾಗುವುದೇ ಹೊರತು ಉಪಕಾರವಾಗದು.

ಯಾವ ಕೆಲಸವನ್ನು ಅಳೆಯಬೇಕೆಂಬ ಪ್ರಶ್ನೆ ನಮ್ಮ ಸೀಮೆಯವರಿಗೆ ಇನ್ನೂ ಆಳವಾದುದು. ಅನುಪಮ್ ಪಾಠಕ್ ಎಂಬ ಎಂಜಿನಿಯರು, ಹಿಡಿ ಎಷ್ಟು ನಡುಗಿದರೂ ತುದಿಯು ನಿಶ್ಚಲವಾಗಿರುವ ಚಮಚವೊಂದನ್ನು ನಿರ್ಮಿಸಿ, ಅದನ್ನು 15 ಮಂದಿಯ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅದೊಂದು ಸುಂದರವಾದ ಉಪಜ್ಞೆ. ಆದರೆ ರಾಗಿಮುದ್ದೆಯನ್ನು ಚಮಚದಲ್ಲಿ ತಿನ್ನುವವರು ಶಿರಾದಲ್ಲಿ ಯಾರಿದ್ದಾರೆ? ಬಿಸಿ ಮುದ್ದೆಯನ್ನು ಬೆರಳತುದಿಯಿಂದ ಮುರಿದು, ತುತ್ತನ್ನು ಅಂಗೈಯೊಳಗೇ ಉರುಟಾಗಿಸಿ, ಹುಳಿಸೊಪ್ಪಿನ ಸಾರಿನಲ್ಲಿ ಅದ್ದಿ, ಜಾರದಂತೆ ಬಾಯಿಗೆ ಒಯ್ಯುವ ಕೆಲಸದಲ್ಲಿ ಐದು ಬೆರಳುಗಳೂ ಒಂದೊಂದು ಬೇರೆಬೇರೆ ಕರ್ತವ್ಯವನ್ನು ನೆರವೇರಿಸುತ್ತವೆ. ಮಾವನವರು ಉಣ್ಣುವಾಗ ನಾನು ಬಳಿಯಲ್ಲಿ ಕುಳಿತು ನೋಡಿದ್ದೇನೆ: ಮುರಿಯುವಾಗ ಕೈ ನಿಲ್ಲುತ್ತದೆ, ಅದ್ದುವಾಗಲೂ ನಿಲ್ಲುತ್ತದೆ; ಮೇಲಕ್ಕೆತ್ತಿದ ತುತ್ತು ತುಟಿಯ ಮುಂದೆ ಒಂದು ಗಳಿಗೆ ತಡೆದಾಗ ನಡುಕವು ಮರಳಿ ಬಂದು ಸಾರು ಅಂಗಿಯ ಮೇಲೆ ಹನಿಯುತ್ತದೆ. ಎಂಜಲಾಗದಂತೆ ಲೋಟವನ್ನು ಎತ್ತಿ ನೀರನ್ನು ಮೇಲಿನಿಂದ ಬಾಯಿಗೆ ಸುರಿದುಕೊಳ್ಳುವ ನಮ್ಮ ರೂಢಿಯು, ಪರದೇಶದ ಬಟ್ಟಲಿನ ಪರೀಕ್ಷೆಗಿಂತ ಎಷ್ಟು ಕಷ್ಟತರವಾದ ಪರೀಕ್ಷೆ! ಅದನ್ನು ಯಾವ ಮಾಪನದ ಪಟ್ಟಿಯಲ್ಲಿಯೂ ನಾನು ಕಂಡಿಲ್ಲ.

ಕಡಲೆಕಾಯಿ ಸುಲಿಯುವುದು, ಹುಣಸೆಹಣ್ಣನ್ನು ಬಡಿದು ಬೀಜ ತೆಗೆಯುವುದು, ಹೂ ಕಟ್ಟುವುದು, ಬಾಗಿಲ ಮುಂದೆ ರಂಗೋಲಿಯ ಎಳೆಯನ್ನು ಬಿಡುವುದು, ಕಂಬಳಿಯ ಮಗ್ಗದಲ್ಲಿ ಲಾಳಿಯನ್ನೆಸೆಯುವುದು, ಪಂಚೆಯನ್ನು ಬಿಗಿದು ಉಡುವುದು — ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಮುದುಕರೂ ಮುದುಕಿಯರೂ ದಿನವೂ ಮಾಡುವ ಕೆಲಸಗಳು ಇವು. ಇವುಗಳ ಜೊತೆಗೆ ಈ ಕಾಲದ ಎರಡು ಕೆಲಸಗಳು ಸೇರಿಕೊಂಡಿವೆ: ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಅಲುಗಿಸದೆ ಒತ್ತುವುದು ಮತ್ತು ಕಾಗದಪತ್ರಗಳಿಗೆ ಹಿಂದಿನಂತೆಯೇ ರುಜು ಹಾಕುವುದು. ಒಂದು ಕಛೇರಿಯಲ್ಲಿ ಮಾವನವರ ರುಜು ಹಳೆಯ ರುಜುವಿಗೆ ಹೋಲುವುದಿಲ್ಲವೆಂದು ಕಾಗದವನ್ನು ಎರಡು ಸಲ ಹಿಂದಿರುಗಿಸಿದರು. ಸಾವಿರಾರು ಮಕ್ಕಳ ಅಂಕಪಟ್ಟಿಗಳಿಗೆ ರುಜು ಹಾಕಿದ ಆ ಮನುಷ್ಯ ಅಂದು ಮನೆಗೆ ಬಂದು, ಹಳೆಯ ನೋಟುಪುಸ್ತಕವೊಂದರಲ್ಲಿ ರಾತ್ರಿಯವರೆಗೂ ತಮ್ಮ ಹೆಸರನ್ನು ಬರೆಯುತ್ತ ಕುಳಿತಿದ್ದರು. ಒಂದು ಸಾಧನವು ಸುರುಳಿಯನ್ನು ಎಷ್ಟು ನಯವಾಗಿಸಿತೆಂಬುದು ವಿಜ್ಞಾನಿಗೆ ಬೇಕಾದ ಉತ್ತರ. ಆ ರಾತ್ರಿಯನ್ನು ತಪ್ಪಿಸಿತೆ ಎಂಬುದು ನಮಗೆ ಬೇಕಾದ ಉತ್ತರ. ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಳೆಯತಕ್ಕ ಕೆಲಸಗಳ ಪಟ್ಟಿಯನ್ನು ಬರೆಯುವಾಗ ರೋಗಿಗಳನ್ನೂ ಅವರ ಮನೆಯವರನ್ನೂ ಜೊತೆಗೆ ಕೂರಿಸಿಕೊಂಡರೆ ಸಾಕು.

ಇಂಥ ಪರೀಕ್ಷೆಗಳು ನಮ್ಮ ನಾಡಿನಲ್ಲಿಯೂ, ನಗರಗಳ ಹೊರಗೂ ನಡೆಯಬೇಕು. 1990ರ ದಶಕದಲ್ಲಿ ನಿಮ್ಹಾನ್ಸಿನ ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ನಗರಭಾಗದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ನರಸಂಬಂಧವಾದ ರೋಗಗಳ ಪ್ರಮಾಣವು ನಗರಕ್ಕಿಂತ ಹಳ್ಳಿಯಲ್ಲಿ ಸುಮಾರು ಇಮ್ಮಡಿಯಾಗಿ ಕಂಡಿತು. ನರತಜ್ಞರಾದರೋ ನಗರದಲ್ಲಿದ್ದಾರೆ. ಶಿರಾದಿಂದ ಬೆಂಗಳೂರಿಗೆ ಸುಮಾರು 120 ಕಿಲೋಮೀಟರು; ಕಾಲು ಎಳೆಯುವ ಮುದುಕನೊಬ್ಬನು ಬಸ್ಸನ್ನು ಹಿಡಿದು, ಊರುಗೋಲನ್ನೂ ಮಾತ್ರೆಯ ಡಬ್ಬಿಯನ್ನೂ ಸಂಭಾಳಿಸಿಕೊಂಡು ಆಸ್ಪತ್ರೆಯ ಬಾಗಿಲನ್ನು ಮುಟ್ಟುವುದರೊಳಗೆ ಬೆಳಗಿನ ಮಾತ್ರೆಯ ಬಲ ಮುಗಿದಿರುತ್ತದೆ. ದಾರಿಯ ದಣಿವಿನಿಂದಲೂ ಹೊಸ ಜಾಗದ ಅಳುಕಿನಿಂದಲೂ ಹೆಚ್ಚಿದ ಆ ನಡುಕವನ್ನು ಅಳೆದು ಬರೆದುಕೊಂಡರೆ, ಅದು ಅವನ ಮನೆಯ ಜಗಲಿಯ ನಡುಕವಾಗಲಾರದು. ಧರಿಸುವ ಸಾಧನಗಳಿಗೆ ಒಂದು ಅನುಕೂಲವುಂಟು: ಅವು ಮನೆಯಲ್ಲಿಯೇ ಅಳೆಯಬಲ್ಲುವು. ರಾಜ್ಯ ಸರ್ಕಾರವೂ ನಿಮ್ಹಾನ್ಸೂ ಕೂಡಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯದ ಕಾರ್ಯಕ್ರಮವು, ನರರೋಗಗಳನ್ನು ಮೊದಲ ಹಂತದಲ್ಲಿಯೇ ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಅಣಿಗೊಳಿಸುವ ದಾರಿಯನ್ನು ತೋರಿಸಿದೆ. ಅದೇ ದಾರಿಯಲ್ಲಿ ನಡುಗುವ ಕೈಯ ಪರೀಕ್ಷೆಯೂ ತಾಲ್ಲೂಕಿಗೆ ಬರಲಿ ಎಂಬುದು ನನ್ನ ಬಿನ್ನಹ.

ಕಾನೂನಿನ ಕಾವಲೂ ಇಂದು ಇಲ್ಲದಿಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿದ್ದು, ಅಪಾಯದ ಪ್ರಮಾಣವನ್ನು ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತವೆ. ದೇಶದಲ್ಲಿ ನಡೆಯುವ ಚಿಕಿತ್ಸಾಪರೀಕ್ಷೆಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆಯೊಂದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರಿಂದ ನಡೆಸಿಕೊಂಡು ಬಂದಿದೆ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪರೀಕ್ಷೆಗೆ ಒಪ್ಪುವ ರೋಗಿಗೆ ಅದರ ಒಳಹೊರಗುಗಳನ್ನೆಲ್ಲ ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಹುಸಿ ಪಟ್ಟಿಯೂ ಬರಬಹುದೆಂಬುದನ್ನು ಮುಚ್ಚಿಡಬಾರದು. ಬೇಡವೆನಿಸಿದ ದಿನ ಬಿಟ್ಟು ಬರುವ ಸ್ವಾತಂತ್ರ್ಯವಿರಬೇಕು. ಪರೀಕ್ಷೆ ಮುಗಿದು ಸಾಧನವು ಗುಣಕಾರಿಯೆಂದು ಕಂಡ ಮೇಲೆ ಅದು ಅವನ ಕೈಗೆ ಯಾವ ಬೆಲೆಗೆ ದೊರೆಯುವುದೆಂಬುದನ್ನೂ ಮೊದಲೇ ತಿಳಿಸಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಪರೀಕ್ಷೆಯು ರೋಗಿಯನ್ನು ಬಳಸಿಕೊಂಡ ಹಾಗಾಗುತ್ತದೆ.

ತಂದೆಗಾಗಿಯೋ ತಾಯಿಗಾಗಿಯೋ ಇಂಥ ಸಾಧನವನ್ನು ಕೊಳ್ಳಹೊರಟವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ನಡುಕವು ಯಾವ ಬಗೆಯದೆಂದು ನರತಜ್ಞರು ನಿಶ್ಚಯಿಸಿದ್ದಾರೆಯೆ? ಸಾಧನವನ್ನು ಪರೀಕ್ಷಿಸಿದ್ದು ಅದೇ ಬಗೆಯ ನಡುಕವುಳ್ಳವರ ಮೇಲೆಯೆ? ಹುಸಿ ಸಾಧನದೊಡನೆ ಹೋಲಿಸಿ, ವಾರಗಳಲ್ಲ, ತಿಂಗಳುಗಟ್ಟಲೆ ನೋಡಿದ್ದಾರೆಯೆ? ಗುಣ ಕಾಣದಿದ್ದರೆ ಹಿಂದಕ್ಕೆ ಕೊಳ್ಳುವರೆ? ಉತ್ತರಗಳು ಅಸ್ಪಷ್ಟವಾಗಿದ್ದರೆ ಹಣವನ್ನು ಕೈಯಲ್ಲಿಟ್ಟುಕೊಂಡು ಕಾಯುವುದೇ ಲೇಸು. ಕಾಯುವಾಗ ಮಾಡತಕ್ಕ ಕೆಲಸಗಳೂ ಉಂಟು. ಲೆವೊಡೋಪದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ, ಸಾಧಾರಣವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ಬೇಳೆಕಾಳು, ಹಾಲು, ಮಾಂಸಗಳ ಸತ್ವವು ಅದರೊಡನೆ ಪೈಪೋಟಿಗಿಳಿದು ಅದನ್ನು ಮಿದುಳಿಗೆ ಸರಿಯಾಗಿ ತಲುಪಗೊಡುವುದಿಲ್ಲ. ದಿನವೂ ನಡೆದಾಡುವುದು, ಅಂಗಸಾಧನೆ ಮಾಡುವುದು, ದೊಡ್ಡ ಅಕ್ಷರಗಳಲ್ಲಿ ಬರೆಯುವ ಅಭ್ಯಾಸವನ್ನಿಟ್ಟುಕೊಳ್ಳುವುದು, ಲೋಟವನ್ನು ಅರ್ಧಕ್ಕೆ ತುಂಬಿ ಎರಡು ಕೈಗಳಲ್ಲಿಯೂ ಹಿಡಿಯುವುದು — ಇವುಗಳಿಗೆ ಬೆಲೆಯಿಲ್ಲ, ಬ್ಯಾಟರಿ ಬೇಕಿಲ್ಲ.

ಈ ಲೇಖನದ ಕರಡನ್ನು ನಾನು ಮಾವನವರಿಗೆ ಓದಿ ಹೇಳಿದೆ. ಹುಸಿ ಪಟ್ಟಿಯ ವಿಚಾರ ಬಂದಾಗ, ಕೇಳಿದರೆ ಅವರಿಗೆ ನೋವಾದೀತೆಂದು ನನ್ನ ಧ್ವನಿ ಸ್ವಲ್ಪ ಅಳುಕಿತು. ಮೇಷ್ಟರಾಗಿದ್ದಾಗ ಅವರು ಉತ್ತರವನ್ನು ಬರೆದ ಹುಡುಗನಿಗೆ ಅರ್ಧ ಅಂಕವನ್ನು ಮಾತ್ರ ಕೊಟ್ಟು, ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಶೇಷವನ್ನು ಕೂಡಿಸಿ, ತಾಳೆ ನೋಡಿ ತೋರಿಸಿದ ಮೇಲೆಯೇ ಉಳಿದ ಅರ್ಧವನ್ನು ಕೊಡುತ್ತಿದ್ದರು. ನಾನೂ ಆ ಅರ್ಧ ಅಂಕಕ್ಕಾಗಿ ಕಾದ ಹುಡುಗರಲ್ಲೊಬ್ಬ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅಂಥ ಪರೀಕ್ಷೆ ಈ ಕಡೆಗೆ ಬಂದರೆ ನನ್ನ ಹೆಸರು ಬರೆಸಪ್ಪ. ನನ್ನ ಪಾಲಿಗೆ ಹುಸಿಯದೇ ಬಂದರೂ ಚಿಂತೆಯಿಲ್ಲ. ಅದನ್ನು ಕಟ್ಟಿಕೊಳ್ಳುವವರೊಬ್ಬರು ಇಲ್ಲದಿದ್ದರೆ ತಾಳೆ ನೋಡೋದು ಹೇಗೆ?” ಅತ್ತೆಯವರು ಕಾಫಿಯನ್ನು ತಂದಿಟ್ಟರು. ಮಾವನವರು ಅರ್ಧ ತುಂಬಿದ ಆ ಲೋಟವನ್ನು ಎರಡು ಕೈಗಳಿಂದಲೂ ಎತ್ತಿಕೊಂಡರು.